ಬಾಗಿಲು ತಟ್ಟುವ ಹುಡುಗರೂ ಬಾಗಿಲು ಮುಚ್ಚುವ ನಾವೂ



ಬಿಳಿ ಅಂಗಿ, ಕೊರಳಿಗೆ ಟೈ, ಎದೆಯ ಮೇಲೆ ಕಪ್ಪು ನಾಮಫಲಕ, ಪಕ್ಕದಲ್ಲಿ ಅದೇ ವೇಷದ ಇನ್ನೊಬ್ಬ ಸಂಗಡಿಗ. ಜಗತ್ತಿನ ಅನೇಕ ನಗರಗಳ ಬೀದಿಗಳಲ್ಲಿ ಹೀಗೆ ಇಬ್ಬಿಬ್ಬರಾಗಿ ಸಾಗುವ ಎಳೆಯ ಹುಡುಗರನ್ನು ನಿಮ್ಮಲ್ಲಿ ಕೆಲವರಾದರೂ ಕಂಡಿರಬಹುದು. ಅವರು ಮಾರ್ಮನ್ ಪಂಗಡದ ಧರ್ಮಪ್ರಚಾರಕರು. ಆ ಸಭೆಯ ಪೂರ್ಣ ಹೆಸರು ‘ಕಡೆಯ ದಿನಗಳ ಸಂತರ ಯೇಸುಕ್ರಿಸ್ತರ ಸಭೆ’. ಪೂರ್ಣ ಹೆಸರನ್ನೇ ಬಳಸಬೇಕೆಂದು ಅದರ ಮುಖಂಡರು 2018ರಲ್ಲಿ ಕೋರಿದ್ದಾರೆ. ಆದರೆ ಓದುಗರಿಗೆ ಪರಿಚಿತವಾದದ್ದು ರೂಢಿಯ ಹೆಸರಾದ್ದರಿಂದ, ಯಾವ ಅಗೌರವದ ಉದ್ದೇಶವೂ ಇಲ್ಲದೆ ಇಲ್ಲಿ ಅದನ್ನೇ ಬಳಸುತ್ತೇನೆ.

ಈ ಹುಡುಗರ ವಿಷಯವಾಗಿ ನಮ್ಮ ಮನೆಗಳಲ್ಲಿ ಮೂರು ಮಾತುಗಳು ಚಾಲ್ತಿಯಲ್ಲಿವೆ. ಅವರು ಡಾಲರ್ ಸಂಬಳಕ್ಕೆ ದುಡಿಯುವವರು ಎಂಬುದು ಮೊದಲನೆಯದು. ಪ್ರಚಾರದ ನೆಪದಲ್ಲಿ ದೇಶ ಸುತ್ತಲು ಹೊರಟವರು ಎಂಬುದು ಎರಡನೆಯದು. ದಾರಿತಪ್ಪಿದ ಪಂಗಡದವರಿಂದ ನಾವು ಕಲಿಯಬೇಕಾದದ್ದು ಏನೂ ಇಲ್ಲ ಎಂಬುದು ಮೂರನೆಯದು. ಮೊದಲ ಎರಡು ಸುಳ್ಳು. ಮೂರನೆಯದು ನಮ್ಮ ಸೋಮಾರಿತನಕ್ಕೆ ನಾವೇ ತೊಡಿಸಿಕೊಂಡ ಧಾರ್ಮಿಕ ಉಡುಪು. ಇದನ್ನು ಸ್ವಲ್ಪ ಕಠಿಣವಾಗಿಯೇ ಹೇಳಬೇಕಾಗಿದೆ. ಸಹನೆಯಿಂದ ಓದಬೇಕೆಂದು ಬೇಡುತ್ತೇನೆ.

ಯಾರಿಗೂ ಗೊಂದಲವಾಗದಂತೆ ಒಂದು ಮಾತನ್ನು ಮೊದಲೇ ಸ್ಪಷ್ಟಪಡಿಸುತ್ತೇನೆ. ಅವರ ಬೋಧನೆಯನ್ನು ನಾವು ಒಪ್ಪಲು ಸಾಧ್ಯವಿಲ್ಲ. 1830ರಲ್ಲಿ ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ ಜೋಸೆಫ್ ಸ್ಮಿತ್ ಸ್ಥಾಪಿಸಿದ ಈ ಸಭೆಯು ಪವಿತ್ರ ಬೈಬಲ್ಲಿನ ಜೊತೆಗೆ ‘ಮಾರ್ಮನ್ ಗ್ರಂಥ’ವನ್ನೂ ದೇವವಾಕ್ಯವೆಂದು ನಂಬುತ್ತದೆ. ಪಿತ, ಸುತ ಹಾಗೂ ಪವಿತ್ರಾತ್ಮರನ್ನು ಪ್ರತ್ಯೇಕವಾದ ಮೂವರೆಂದು ಬೋಧಿಸುತ್ತದೆ. ಅವರು ನೀಡುವ ಜ್ಞಾನಸ್ನಾನವು ಸಿಂಧುವಲ್ಲವೆಂದು ವ್ಯಾಟಿಕನ್ನಿನ ವಿಶ್ವಾಸ ಸಿದ್ಧಾಂತ ವಿಭಾಗವು 2001ರ ಜೂನ್ 5ರಂದು ತೀರ್ಪಿತ್ತಿತು. ಅಂದು ಅದಕ್ಕೆ ಸಹಿ ಮಾಡಿದವರು ಮುಂದೆ ಜಗದ್ಗುರು 16ನೆಯ ಬೆನೆಡಿಕ್ಟರಾದ ಕಾರ್ಡಿನಲ್ ರಾಟ್ಸಿಂಗರ್. ಈ ವಿಷಯದಲ್ಲಿ ರಾಜಿಯಿಲ್ಲ. ಆದರೆ ಒಬ್ಬನ ಸಿದ್ಧಾಂತ ತಪ್ಪೆಂದ ಮಾತ್ರಕ್ಕೆ ಅವನ ಬದುಕಿನ ಬಗ್ಗೆ ಸುಳ್ಳಾಡುವ ಹಕ್ಕು ನಮಗೆ ಬಾರದು.

ಈಗ ಸಂಬಳದ ಮಾತು. ಈ ಪ್ರಚಾರಕರಿಗೆ ಸಂಬಳವಿಲ್ಲ. ಅಮೆರಿಕದಂಥ ಅನುಕೂಲವಂತ ದೇಶಗಳಿಂದ ಹೊರಡುವವನು ತನ್ನ ಸೇವೆಗಾಗಿ ತಾನೇ ಹಣ ಕಟ್ಟಬೇಕು. 2020ರ ಜುಲೈಯಿಂದ ಈ ಮೊತ್ತ ತಿಂಗಳಿಗೆ 500 ಡಾಲರ್. ಯುವಕರು ಸಲ್ಲಿಸುವ 24 ತಿಂಗಳ ಸೇವೆಗೆ ಒಟ್ಟು 12,000 ಡಾಲರ್. ಇದು ಹುಡುಗನ ಉಳಿತಾಯದಿಂದಲೋ ಹೆತ್ತವರ ದುಡಿಮೆಯಿಂದಲೋ ಬರುತ್ತದೆ. ಯುವತಿಯರು 18 ತಿಂಗಳು ಸೇವೆ ಸಲ್ಲಿಸುತ್ತಾರೆ. ಎಲ್ಲಿಗೆ ಹೋಗಬೇಕೆಂಬ ಆಯ್ಕೆ ಹುಡುಗನದಲ್ಲ. ಸಾಲ್ಟ್ ಲೇಕ್ ಸಿಟಿಯ ಕೇಂದ್ರದಿಂದ ಬಂದ ಆದೇಶವು ಬ್ರೆಜಿಲ್ ಎಂದರೆ ಬ್ರೆಜಿಲ್, ಜಪಾನ್ ಎಂದರೆ ಜಪಾನ್. 2024ರ ಕೊನೆಯ ಹೊತ್ತಿಗೆ ಜಗತ್ತಿನಾದ್ಯಂತ 74 ಸಾವಿರಕ್ಕೂ ಹೆಚ್ಚು ಮಂದಿ ಹೀಗೆ ಪೂರ್ಣಾವಧಿ ಸೇವೆಯಲ್ಲಿದ್ದರು. ಅವರಿಗೂ ನಮ್ಮ ನಾಡಿಗೂ ನಂಟಿಲ್ಲವೆನ್ನುವಂತಿಲ್ಲ. 1993ರಲ್ಲಿ ಬೆಂಗಳೂರು ಅವರ ಒಂದು ಪ್ರಚಾರಕ್ಷೇತ್ರದ ಕೇಂದ್ರವಾಯಿತು. ಅಲ್ಲಿ ತಮ್ಮ ಮಂದಿರವೊಂದನ್ನು ಕಟ್ಟುವುದಾಗಿ 2018ರಲ್ಲಿ ಅವರು ಪ್ರಕಟಿಸಿದರು.

ಇನ್ನು ‘ದೇಶ ಸುತ್ತುವ’ ಮಾತು. ಜಪಾನನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ಗೋವೆಯಿಂದ ಹೊರಟ ಸಂತ ಫ್ರಾನ್ಸಿಸ್ ಕ್ಸೇವಿಯರ್ 1549ರ ಆಗಸ್ಟ್ 15ರಂದು ಕಾಲಿಟ್ಟ ನೆಲವದು. ನಮಗೆ ತೀರ ಅಪರಿಚಿತವಲ್ಲ. ಅಲ್ಲಿಗೆ ನಿಯುಕ್ತನಾದ ಹತ್ತೊಂಬತ್ತರ ಹುಡುಗ ಮೊದಲು ಸುಮಾರು ಎರಡು ತಿಂಗಳ ಕಾಲ ಭಾಷೆ ಕಲಿಯುತ್ತಾನೆ. ಎರಡು ಬಗೆಯ ಅಕ್ಷರಮಾಲೆ, ಅದರ ಮೇಲೆ ದಿನಬಳಕೆಗೆಂದೇ ಗೊತ್ತುಪಡಿಸಿದ 2,136 ಚೀನೀ ಮೂಲದ ಲಿಪಿಚಿಹ್ನೆಗಳು, ಹಿರಿಯರೊಡನೆ ಒಂದು ಮಾತು, ಕಿರಿಯರೊಡನೆ ಇನ್ನೊಂದು. ಎರಡು ತಿಂಗಳಲ್ಲಿ ದಕ್ಕುವ ಭಾಷೆಯಲ್ಲ ಅದು. ಸಂತ ಕ್ಸೇವಿಯರರೇ ಮೊದಲಲ್ಲಿ ದೇವರನ್ನು ಹೆಸರಿಸಲು ‘ದೈನಿಚಿ’ ಎಂಬ ಬೌದ್ಧರ ಪದವನ್ನು ಬಳಸಿ, ಅದರ ಅರ್ಥ ಬೇರೆಯೆಂದು ತಿಳಿದೊಡನೆ ಕೈಬಿಟ್ಟು, ಲತೀನಿನ ‘ದೇವುಸ್’ ಪದವನ್ನೇ ಉಳಿಸಿಕೊಂಡರು. ಸಂತರನ್ನೇ ತಡವರಿಸಿದ ಭಾಷೆಯಲ್ಲಿ ಈ ಹುಡುಗ ಅಪರಿಚಿತರ ಬಾಗಿಲಲ್ಲಿ ನಿಂತು ಬಾಯಿ ತೆರೆಯಬೇಕು.

ಅವನ ದಿನಚರಿಯನ್ನು ನೋಡಿರಿ. ಬೆಳಿಗ್ಗೆ 6.30ಕ್ಕೆ ಏಳಬೇಕು. ಪ್ರಾರ್ಥನೆ, ವ್ಯಾಯಾಮ, ತಾನೇ ಮಾಡಿಕೊಂಡ ತಿಂಡಿ. ಬಳಿಕ ಒಬ್ಬನೇ ಕುಳಿತು ಧರ್ಮಗ್ರಂಥದ ಅಧ್ಯಯನ, ಸಂಗಡಿಗನೊಡನೆ ಇನ್ನಷ್ಟು ಅಧ್ಯಯನ, ಆಮೇಲೆ ಭಾಷಾಭ್ಯಾಸ. ಅನಂತರ ಸೈಕಲ್ ಹತ್ತಿ ಹೊರಡಬೇಕು. ಜೂನ್ ತಿಂಗಳ ಜಡಿಮಳೆಯಿರಲಿ, ಆಗಸ್ಟಿನ ಬೆವರಿಳಿಸುವ ಸೆಕೆಯಿರಲಿ, ಸಪ್ಪೋರೊ ನಗರದ ಹಿಮವಿರಲಿ, ಹೊರಡುವುದು ತಪ್ಪದು. ರಾತ್ರಿ ಮನೆಗೆ ಮರಳಿ ಮಾರನೆಯ ದಿನದ ಕೆಲಸ ಗೊತ್ತುಮಾಡಿ 10.30ಕ್ಕೆ ದೀಪ ಆರಿಸಬೇಕು. ಆಯಾ ಸ್ಥಳದ ಅನುಕೂಲ ನೋಡಿ ಸಮಯಗಳನ್ನು ಹೊಂದಿಸಿಕೊಳ್ಳಲು 2017ರಿಂದ ಅವಕಾಶವಿದೆಯಾದರೂ ಶಿಸ್ತು ಸಡಿಲಗೊಂಡಿಲ್ಲ. ಸಿನಿಮಾ ಇಲ್ಲ, ಪ್ರೇಮ ಪ್ರಸಂಗಗಳಿಲ್ಲ. ಬಟ್ಟೆ ಒಗೆಯಲು, ದಿನಸಿ ತರಲು, ಮನೆಯವರಿಗೆ ಬರೆಯಲು ವಾರಕ್ಕೊಂದು ದಿನ. ಮನೆಯಲ್ಲಿ ಅಕ್ಕನ ಮದುವೆಯಾದರೂ ಸಾಮಾನ್ಯವಾಗಿ ಹೋಗುವಂತಿಲ್ಲ.

ಸಂಗಡಿಗನನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯವೂ ಇಲ್ಲ. ಮೇಲಧಿಕಾರಿ ಯಾರನ್ನು ಜೊತೆಗೊಡ್ಡಿದನೋ ಅವನೊಡನೆ ಹಗಲಿರುಳು ಇರಬೇಕು. ಸ್ನಾನದ ಮನೆಯೊಂದನ್ನು ಬಿಟ್ಟರೆ ಅವನ ಕಣ್ಣಳತೆಯಿಂದ ದೂರ ಸರಿಯುವಂತಿಲ್ಲ. ಸ್ವಭಾವ ಕೂಡದಿದ್ದರೂ ಸಹಿಸಬೇಕು. ಕೂಡಿದರೂ, ಸುಮಾರು ಆರು ವಾರಗಳಿಗೊಮ್ಮೆ ಬರುವ ವರ್ಗಾವಣೆಯ ಸಮಯದಲ್ಲಿ ಅಗಲಬೇಕಾಗಬಹುದು. ಸಾಕ್ಷ್ಯ ನುಡಿಯಲು ಶಿಷ್ಯರನ್ನು ಇಬ್ಬಿಬ್ಬರಾಗಿ ಕಳುಹಿಸಿದ ಯೇಸುಸ್ವಾಮಿಯ ಪದ್ಧತಿಯನ್ನು ಸಂತ ಲೂಕರ ಶುಭಸಂದೇಶದ 10ನೆಯ ಅಧ್ಯಾಯದಲ್ಲಿ ನಾವು ಪ್ರತಿವರ್ಷವೂ ಕೇಳುತ್ತೇವೆ. ಕೇಳಿ ಮನೆಗೆ ಹೋಗುತ್ತೇವೆ.

ಬಾಗಿಲು ತಟ್ಟಿದಾಗ ಅವನಿಗೆ ದೊರೆಯುವುದೇನು? ಬಹುಮಟ್ಟಿಗೆ ಒಂದು ವಿನಯದ ‘ಬೇಡ’. ಎಲ್ಲ ಪಂಗಡಗಳನ್ನು ಕೂಡಿಸಿದರೂ ಜಪಾನಿನಲ್ಲಿ ಕ್ರೈಸ್ತರು ನೂರಕ್ಕೆ ಒಬ್ಬರೋ ಇಬ್ಬರೋ. 1995ರಲ್ಲಿ ಓಮ್ ಶಿನ್ರಿಕ್ಯೊ ಪಂಥದವರು ಟೋಕಿಯೊದ ಸುರಂಗ ರೈಲಿನಲ್ಲಿ ವಿಷಾನಿಲ ಹರಡಿದ ಮೇಲೆ ಹೊಸ ಪಂಥಗಳೆಂದರೆ ಅಲ್ಲಿನವರಿಗೆ ಭಯ. ಬಾಗಿಲು ತೆರೆದ ಮನೆಯಲ್ಲೂ ಇಕ್ಕಟ್ಟು ತಪ್ಪದು. ಅತಿಥಿಗೆ ಹಸಿರು ಚಹಾ ಕೊಡುವುದು ಆ ನಾಡಿನ ಮರ್ಯಾದೆ. ಚಹಾ, ಕಾಫಿ, ಮದ್ಯ, ತಂಬಾಕು ಮುಟ್ಟಬಾರದೆಂಬುದು ಮಾರ್ಮನರ ನಿಯಮ. ಆತಿಥೇಯರ ಮನಸ್ಸು ನೋಯದಂತೆ ಬಟ್ಟಲನ್ನು ನಿರಾಕರಿಸುವುದನ್ನೂ ಆ ಹುಡುಗ ಕಲಿಯಬೇಕು. ಬಾರ್ಲಿಯ ಕಷಾಯ ಸಿಕ್ಕಿದರೆ ಅವನ ಅದೃಷ್ಟ.

ಅವರ ಮೊದಲ ನಾಲ್ವರು ಪ್ರಚಾರಕರು ಜಪಾನಿಗೆ ಬಂದದ್ದು 1901ರ ಆಗಸ್ಟಿನಲ್ಲಿ. ಅವರಲ್ಲೊಬ್ಬನಾದ ಆಲ್ಮಾ ಟೇಲರನಿಗೆ ಆಗ 19 ವರ್ಷ. ಎಂಟು ವರ್ಷಗಳಿಗೂ ಹೆಚ್ಚು ಕಾಲ ಅಲ್ಲಿಯೇ ಉಳಿದು, ತಮ್ಮ ಗ್ರಂಥವನ್ನು ಜಪಾನೀ ಭಾಷೆಗೆ ಅನುವಾದಿಸಿ 1909ರಲ್ಲಿ ಪ್ರಕಟಿಸಿದ. 1924ರಲ್ಲಿ ಆ ಕ್ಷೇತ್ರವನ್ನು ಮುಚ್ಚಿದಾಗ 23 ವರ್ಷಗಳಲ್ಲಿ ಸೇರಿದವರು ಕೇವಲ 166 ಮಂದಿ. ಆದರೂ 1948ರಲ್ಲಿ ಮತ್ತೆ ಹೋದರು. ಇದನ್ನು ಪ್ರವಾಸವೆಂದು ಕರೆಯುವವರು ಇಂಥದೊಂದು ಪ್ರವಾಸವನ್ನು ಒಂದು ವಾರ ಮಾಡಿ ನೋಡಲಿ.

ಹಾಗೆಂದು ಅವರ ಪದ್ಧತಿಯನ್ನು ಕಣ್ಣುಮುಚ್ಚಿ ಕೊಂಡಾಡುವುದೂ ತಪ್ಪು. ಆತ್ಮಗಳನ್ನು ಅಂಕಿಗಳಾಗಿ ಎಣಿಸುವ ಚಟ ಆ ವ್ಯವಸ್ಥೆಯನ್ನು ಮತ್ತೆ ಮತ್ತೆ ಕೆಡಿಸಿದೆ. 1960ರ ಸುಮಾರಿಗೆ ಇಂಗ್ಲೆಂಡಿನಲ್ಲಿ ಬೇಸ್‌ಬಾಲ್ ಆಟದ ಆಸೆ ತೋರಿಸಿ ಬಾಲಕರಿಗೆ ಜ್ಞಾನಸ್ನಾನ ಮಾಡಿಸಿದರು; ತಾವು ಯಾವುದಕ್ಕೆ ಸೇರಿದೆವೆಂಬುದೇ ಅವರಲ್ಲಿ ಅನೇಕರಿಗೆ ತಿಳಿದಿರಲಿಲ್ಲ. 1980ರ ಆಸುಪಾಸಿನಲ್ಲಿ ಟೋಕಿಯೊದಲ್ಲಿಯೂ ಬೀದಿಯಲ್ಲಿ ಸಿಕ್ಕ ಯುವಜನರಿಗೆ ತರಾತುರಿಯಿಂದ ಜ್ಞಾನಸ್ನಾನ ನೀಡಿದರು. ಅವರಲ್ಲಿ ಬಹುಮಂದಿ ಮತ್ತೆ ಸಭೆಯತ್ತ ಸುಳಿಯಲಿಲ್ಲ. 2019ರ ಫೆಬ್ರುವರಿಯವರೆಗೆ ಈ ಹುಡುಗರು ಮನೆಯವರೊಡನೆ ಫೋನಿನಲ್ಲಿ ಮಾತನಾಡಬಹುದಾಗಿದ್ದದ್ದು ವರ್ಷಕ್ಕೆ ಎರಡೇ ಸಲ, ಕ್ರಿಸ್ಮಸ್ ಮತ್ತು ತಾಯಂದಿರ ದಿನದಂದು. ಈಗ ವಾರಕ್ಕೊಮ್ಮೆ ಅನುಮತಿಯಿದೆ. ಕಾಯಿಲೆಯಿಂದಲೋ ಮನೋವ್ಯಥೆಯಿಂದಲೋ ಅವಧಿಗೆ ಮುನ್ನ ಹಿಂದಿರುಗಿದವನು ಊರಿನವರ ಕಣ್ಣಿಗೆ ಸೋತವನಂತೆ ಕಾಣುವುದುಂಟು. ಪ್ರೀತಿಯಿಂದ ಕೊಟ್ಟ ಎರಡು ವರ್ಷಗಳಿಗೂ ಸಮಾಜಕ್ಕೆ ಅಂಜಿ ತೆತ್ತ ಎರಡು ವರ್ಷಗಳಿಗೂ ಅಂತರವಿದೆ. ಇವೆಲ್ಲ ನಾವು ಅನುಕರಿಸಬೇಕಾದವಲ್ಲ, ನೋಡಿ ಎಚ್ಚರಗೊಳ್ಳಬೇಕಾದವು.

ಇಷ್ಟು ಹೇಳಿದ ಮೇಲೆ ಮೂರನೆಯ ಮಾತಿಗೆ ಬರುತ್ತೇನೆ. ಅವರಿಂದ ಕಲಿಯುವಂಥದ್ದು ಏನೂ ಇಲ್ಲವೇ? ಎರಡು ವರ್ಷಗಳಲ್ಲಿ ಮನಪರಿವರ್ತನೆ ಹೊಂದುವ ಮೊದಲ ವ್ಯಕ್ತಿ ಆ ಪ್ರಚಾರಕನೇ ಎಂಬ ಮಾತು ಅವರಲ್ಲೇ ಇದೆ. ಅದು ಸತ್ಯವೆಂದು ನನಗೆ ತೋರುತ್ತದೆ. ನೂರು ಬಾಗಿಲುಗಳು ಮುಚ್ಚಿದರೂ, ತನ್ನ ನಂಬಿಕೆಯನ್ನು ಪರಭಾಷೆಯಲ್ಲಿ, ಪರಕೀಯನೆದುರು, ದಿನವೂ ವಿವರಿಸಿದ ಹುಡುಗನ ನಂಬಿಕೆ ಆ ಬಳಿಕ ಅಪ್ಪ ಅಮ್ಮನಿಂದ ಬಂದ ಎರವಲು ಸೊತ್ತಾಗಿ ಉಳಿಯುವುದಿಲ್ಲ. ಅದು ಅವನದೇ ಆಗುತ್ತದೆ. ನಮ್ಮ ಮಕ್ಕಳಿಗೆ ಅಂಥ ಸಂದರ್ಭವನ್ನು ನಾವು ಎಂದಾದರೂ ಒದಗಿಸಿದ್ದೇವೆಯೇ? ದೃಢೀಕರಣ ಸಂಸ್ಕಾರದ ದಿನ ಹೊಸ ಬಟ್ಟೆ, ಭೋಜನ, ಫೋಟೋ. ಮರು ಭಾನುವಾರದಿಂದ ಧರ್ಮೋಪದೇಶದ ತರಗತಿಗೆ ರಜೆ, ಕೋಚಿಂಗ್ ತರಗತಿಗೆ ಹಾಜರಿ. ಪರಮ ತ್ರಿತ್ವವೆಂದರೇನೆಂದು ಗೆಳೆಯನೊಬ್ಬ ಕೇಳಿದರೆ ನಮ್ಮ ಮನೆಯ ಹತ್ತೊಂಬತ್ತರ ಮಗ ಉತ್ತರಿಸಬಲ್ಲನೇ? ಆ ಬಿಳಿ ಅಂಗಿಯ ಹುಡುಗರು ಬಂದು ನಮ್ಮ ವಿಶ್ವಾಸವನ್ನು ಕದಿಯುವರೆಂದು ನಾವು ಅಂಜುತ್ತೇವೆ. ಪೆಟ್ಟಿಗೆ ತುಂಬಿದೆಯೋ ಬರಿದಾಗಿದೆಯೋ ಎಂದು ನೋಡದೆ ಬೀಗದ ಬಗ್ಗೆ ಮಾತ್ರ ಚಿಂತಿಸುತ್ತಿದ್ದೇವೆ.

‘ಅದಕ್ಕೆಲ್ಲ ನಮ್ಮಲ್ಲಿ ಗುರುಗಳಿದ್ದಾರೆ, ಕನ್ಯಾಸ್ತ್ರೀಯರಿದ್ದಾರೆ’ ಎಂದು ನೀವು ಹೇಳಬಹುದು. ಇದ್ದಾರೆ, ಎರಡು ವರ್ಷವಲ್ಲ, ಇಡೀ ಬದುಕನ್ನೇ ಕೊಟ್ಟಿದ್ದಾರೆ, ಅವರಿಗೆ ವಂದನೆ. ಆದರೆ ಎರಡನೆಯ ವ್ಯಾಟಿಕನ್ ಮಹಾಸಭೆ 1965ರ ‘ಆದ್ ಜೆಂತೆಸ್’ ಆದೇಶಪತ್ರದಲ್ಲಿ ಪ್ರೇಷಿತಕಾರ್ಯವನ್ನು ಗುರುಗಳಿಗೆ ಗುತ್ತಿಗೆ ಕೊಡಲಿಲ್ಲ. ಅದು ಇಡೀ ಧರ್ಮಸಭೆಯ ಸ್ವಭಾವವೇ ಎಂದು ಸಾರಿತು. ಜ್ಞಾನಸ್ನಾನ ಪಡೆದ ಯಾರೂ ಅದರಿಂದ ಹೊರತಲ್ಲ. ‘ಓದಿನ ವರ್ಷಗಳು ಹಾಳಾಗುತ್ತವೆ’ ಎಂಬುದು ಇನ್ನೊಂದು ಆಕ್ಷೇಪ. ಸಂಪಾದನೆಗಾಗಿ ಮಕ್ಕಳನ್ನು ಕೊಲ್ಲಿ ರಾಷ್ಟ್ರಗಳಿಗೆ ಕಳುಹಿಸಿ ವರ್ಷಗಟ್ಟಲೆ ಅವರ ಮುಖ ಕಾಣದೆ ಇರಬಲ್ಲ ನಾವು, ದೇವರಿಗಾಗಿ ಆರು ತಿಂಗಳು ಎಂದೊಡನೆ ಕ್ಯಾಲೆಂಡರ್ ತಿರುವಿ ನೋಡುತ್ತೇವೆ. ಅಗಲಿಕೆಯನ್ನು ಸಹಿಸುವ ಶಕ್ತಿ ನಮ್ಮಲ್ಲಿ ಇಲ್ಲದಿಲ್ಲ. ಯಾವುದಕ್ಕಾಗಿ ಸಹಿಸಬೇಕೆಂಬುದು ನಮಗೆ ಮರೆತಿದೆ.

ನಾನು ಬೇಡುವುದು ಅಸಾಧ್ಯವಾದದ್ದನ್ನಲ್ಲ. ಯಾರ ಮನೆಯ ಬಾಗಿಲನ್ನೂ ಬಲವಂತವಾಗಿ ತಟ್ಟಬೇಕೆಂದು ಹೇಳುತ್ತಿಲ್ಲ. ಯಾರನ್ನೂ ಎಣಿಕೆಗೆ ಸೇರಿಸಬೇಕೆಂದೂ ಅಲ್ಲ. ಪದವಿ ಮುಗಿಸಿದ ಮಗನಾಗಲಿ ಮಗಳಾಗಲಿ ತಮ್ಮ ಬದುಕಿನ ಒಂದು ವರ್ಷವನ್ನು, ಆಗದಿದ್ದರೆ ಒಂದು ಬೇಸಿಗೆಯನ್ನು, ವೃದ್ಧಾಶ್ರಮದಲ್ಲೋ ಗಡಿಯೂರಿನ ಶಾಲೆಯಲ್ಲೋ ಅನ್ಯಭಾಷೆಯ ಧರ್ಮಕೇಂದ್ರದಲ್ಲೋ ಸೇವೆಗಾಗಿ ಕೊಡಲಿ. ಆ ಖರ್ಚನ್ನು ಮನೆಯವರೇ ಹೊರಲಿ. ಮನೆಯವರಿಗೆ ಆಗದಿದ್ದರೆ ಧರ್ಮಕೇಂದ್ರ ಹೊರಲಿ. ಇಬ್ಬಿಬ್ಬರಾಗಿ ಹೋಗಲಿ. ದಿನವೂ ಶುಭಸಂದೇಶವನ್ನು ಓದಲಿ. ನಡುವೆ ಮರಳಿ ಬಂದವರನ್ನು ಯಾರೂ ಹೀಯಾಳಿಸದಿರಲಿ. ಮಕ್ಕಳಿಂದ ಏನನ್ನೂ ಕೇಳದ ಧರ್ಮಸಭೆ ಮಕ್ಕಳ ಮನಸ್ಸಿನಲ್ಲಿ ಹೆಚ್ಚು ಕಾಲ ಉಳಿಯಲಾರದು.

ಇನ್ನು, ಎಂದಾದರೂ ಆ ಇಬ್ಬರು ಹುಡುಗರು ನಿಮಗೆ ಎದುರಾದರೆ ಏನು ಮಾಡಬೇಕು? ಅವರ ಪುಸ್ತಕ ನಿಮಗೆ ಬೇಡವೆಂದು ನೇರವಾಗಿ, ನಗುಮೊಗದಿಂದ ಹೇಳಿರಿ. ನೀವು ನಂಬಿರುವುದು ಏನು, ಏಕೆ ಎಂಬುದನ್ನು ಎರಡು ಮಾತಿನಲ್ಲಿ ತಿಳಿಸಿರಿ. ಅದಕ್ಕಾಗಿ ಮೊದಲು ನೀವೇ ತಿಳಿದುಕೊಳ್ಳಿರಿ. ಬಳಿಕ ಕುಡಿಯಲು ಒಂದು ಲೋಟ ನೀರು ಕೊಟ್ಟು, ಊರು ಯಾವುದು, ಮನೆಯಲ್ಲಿ ಯಾರ‍್ಯಾರಿದ್ದಾರೆ ಎಂದು ವಿಚಾರಿಸಿರಿ. ಅವರು ಹೊರಟ ಮೇಲೆ ನಿಮ್ಮ ಮಕ್ಕಳನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡು, ಪ್ರೇಷಿತರ ವಿಶ್ವಾಸಪ್ರಮಾಣವನ್ನು ಒಂದೊಂದೇ ವಾಕ್ಯವಾಗಿ ಅರ್ಥ ಬಿಡಿಸಿ ಹೇಳಿರಿ. ಹೇಳಲು ತಿಳಿಯದ ವಾಕ್ಯ ಬಂದರೆ ಮುಂದಿನ ಭಾನುವಾರ ಬಲಿಪೂಜೆಯ ಬಳಿಕ ಗುರುಗಳನ್ನು ಕೇಳಿ ತಿಳಿಯಿರಿ.