ಪಾಳಿಯೋ, ಫ್ಲೆಕ್ಸಿ ಟೈಮೋ? ಕುಂಭಾರಿಯಲ್ಲೇ ಇದೆ ಲೆಕ್ಕ

ಸಾಫ್ಟ್‌ವೇರ್ ಕೆಲಸ ಹಿಡಿದು ಪುಣೆ, ಬೆಂಗಳೂರಿಗೆ ಹೋಗುವ ನಮ್ಮ ಗಡಿಭಾಗದ ಹುಡುಗ-ಹುಡುಗಿಯರ ಮುಂದೆ ಒಂದು ಆಯ್ಕೆ ಇರುತ್ತದೆ. ಒಂದು ಕಂಪನಿ ಪಾಳಿ ಕೆಲಸ ಎನ್ನುತ್ತದೆ. ಇನ್ನೊಂದು ಫ್ಲೆಕ್ಸಿ ಟೈಮ್, ಅಂದರೆ ನಿಮ್ಮ ಅನುಕೂಲದ ವೇಳೆಗೆ ಮಾಡಿ, ಕೆಲಸ ಮುಗಿದರೆ ಸಾಕು ಎನ್ನುತ್ತದೆ. ಎರಡನೆಯದು ಕೇಳಲು ಹಿತ. ಆದರೆ ಒಪ್ಪುವ ಮುನ್ನ ಕುಂಭಾರಿಯ ಕಡೆ ಒಮ್ಮೆ ನೋಡಬೇಕು.

ಸೋಲಾಪುರ-ಅಕ್ಕಲಕೋಟ ರಸ್ತೆಯ ಈ ಊರಲ್ಲಿ 2006ರಲ್ಲಿ ಬೀಡಿ ಕಾರ್ಮಿಕ ಮಹಿಳೆಯರ 10 ಸಾವಿರ ಮನೆಗಳ ಗೋದುತಾಯಿ ಪರುಳೇಕರ ವಸಾಹತು ಉದ್ಘಾಟನೆಯಾಯಿತು. 2024ರ ಜನವರಿಯಲ್ಲಿ ರೇನಗರದ 15 ಸಾವಿರ ಮನೆಗಳು ಉದ್ಘಾಟನೆಯಾದವು. ಅಲ್ಲಿ ಬೀಡಿ ಕಟ್ಟುವವರೂ ಇದ್ದಾರೆ, ಪವರ್‌ಲೂಮಿನವರೂ ಇದ್ದಾರೆ.

ಮಗ್ಗದವರದು ಪಾಳಿ. ರಾತ್ರಿ ಪಾಳಿ ಮೈ ಹಣ್ಣು ಮಾಡುತ್ತದೆ, ನಿಜ. ಆದರೆ ಮುಂದಿನ ಪಾಳಿಯವ ಬಂದು ನಿಂತರೆ ಇವನ ಕೆಲಸ ಮುಗಿಯಿತು. ಬೀಡಿ ಕಟ್ಟುವ ತಾಯಿಗೆ ಹೊತ್ತಿನ ಹಂಗಿಲ್ಲ. ಅಡುಗೆ, ಮಕ್ಕಳು, ಮನೆ ನೋಡುತ್ತಲೇ ಕಟ್ಟಬಹುದು. ಆದರೆ ಕೂಲಿ ಸಾವಿರ ಬೀಡಿಗೆ ಇಷ್ಟು ಎಂದು. ಎಷ್ಟು ತಾಸು ಕೂತಳೆಂದು ಬರೆದಿಡುವವರಿಲ್ಲ. ಸರಿಯಿಲ್ಲವೆಂದು ತೆಗೆದುಹಾಕಿದ ಬೀಡಿಯ ದುಡಿಮೆ ದಂಡ. ಫ್ಲೆಕ್ಸಿ ಟೈಮ್ ಎಂಬ ಹೆಸರು ಇಲ್ಲಿಗೆ ಬರುವ ಮೊದಲೇ ಅದರ ಸುಖ-ದುಃಖ ಎರಡನ್ನೂ ಈ ಹೆಂಗಸರು ಕಂಡಿದ್ದಾರೆ.

ಕಂಪ್ಯೂಟರಿನ ಮುಂದೆಯೂ ಲೆಕ್ಕ ಇದೇ. ನ್ಯೂಯಾರ್ಕಿನ ಬೆಳಗಿನ 9 ಗಂಟೆ ಚಳಿಗಾಲದಲ್ಲಿ ನಮಗೆ ಸಂಜೆ 7.30. ಅವರ ವೇಳೆಗೆ ಪಾಳಿ ಮಾಡಿದರೆ ಮನೆಗೆ ಬರುವುದು ನಸುಕಿಗೆ. ಫ್ಲೆಕ್ಸಿಯವರು ಬೆಳಿಗ್ಗೆ ಇಲ್ಲಿನ ತಂಡದೊಂದಿಗೆ ಕೂತು, ರಾತ್ರಿ ಮತ್ತೆ ಅಮೆರಿಕದವರ ಮೀಟಿಂಗಿಗೆ ಕೂಡಬೇಕಾಗಬಹುದು. ದಿನ ಎರಡು ತುಂಡಾಗುತ್ತದೆ, ಕೆಲಸ ಮಾತ್ರ ಮುಗಿಯುವುದಿಲ್ಲ.

ಮಹಾರಾಷ್ಟ್ರದ 2017ರ ಅಂಗಡಿ ಮತ್ತು ಸಂಸ್ಥೆಗಳ ಕಾಯ್ದೆ ದಿನಕ್ಕೆ 9 ತಾಸು, ವಾರಕ್ಕೆ 48 ತಾಸಿನ ಮಿತಿ ಹಾಕಿತು. ಹೆಚ್ಚಿನ ದುಡಿಮೆಗೆ ಇಮ್ಮಡಿ ಪಗಾರ ಎಂದಿತು. 2025ರ ಸೆಪ್ಟೆಂಬರಿನಲ್ಲಿ ದಿನದ ಮಿತಿಯನ್ನು 10 ತಾಸಿಗೆ ಏರಿಸಲು ರಾಜ್ಯ ಸಂಪುಟ ಒಪ್ಪಿತು. ಕರ್ನಾಟಕದಲ್ಲಿ 2024ರ ಜುಲೈನಲ್ಲಿ ಓವರ್‌ಟೈಮ್ ಸೇರಿ 14 ತಾಸಿನ ಮಾತು ಬಂದಾಗ ಐಟಿ ನೌಕರರ ಸಂಘ ಬಲವಾಗಿ ವಿರೋಧಿಸಿತು. ಕಾನೂನು ಮಾತಾಡುವುದು ತಾಸಿನ ಭಾಷೆಯಲ್ಲಿ. ತಾಸು ಬರೆದಿಡದ ಕೆಲಸದಲ್ಲಿ ಓವರ್‌ಟೈಮ್ ಕೇಳುವುದು ಹೇಗೆ?

ಹಾಗೆಂದು ಫ್ಲೆಕ್ಸಿ ಕೆಟ್ಟದ್ದಲ್ಲ. ಸಣ್ಣ ಮಕ್ಕಳಿರುವವರಿಗೆ, ವಯಸ್ಸಾದ ತಂದೆ-ತಾಯಿ ನೋಡಿಕೊಳ್ಳುವವರಿಗೆ ಅದು ನೌಕರಿ ಉಳಿಸುವ ದಾರಿ. ಆದರೆ ಒಪ್ಪುವ ಮುನ್ನ ಕೇಳಿ: ವಾರಕ್ಕೆ ಒಟ್ಟು ಎಷ್ಟು ತಾಸು? ಯಾವ ವೇಳೆಗೆ ಕಡ್ಡಾಯವಾಗಿ ಇರಬೇಕು? ರಾತ್ರಿ ಮೀಟಿಂಗ್ ಇದ್ದರೆ ಮರುದಿನ ತಡವಾಗಿ ಶುರು ಮಾಡಬಹುದೇ? ಪಾಳಿಯಾದರೆ, ರಾತ್ರಿ ಪಾಳಿ ಸರದಿಯಂತೆ ಬರುತ್ತದೋ ಕಾಯಮ್ಮೋ, ಭತ್ಯೆ ಎಷ್ಟು, ಮನೆಗೆ ಬಿಡಲು ಗಾಡಿ ಇದೆಯೇ? ಹೆಣ್ಣುಮಕ್ಕಳನ್ನು ರಾತ್ರಿ 9.30ರ ನಂತರ ದುಡಿಸಲು ಅವರ ಒಪ್ಪಿಗೆ ಬೇಕು, ರಕ್ಷಣೆ ಮತ್ತು ವಾಹನದ ವ್ಯವಸ್ಥೆ ಇರಬೇಕು ಎಂದು ಅದೇ 2017ರ ಕಾಯ್ದೆ ಹೇಳುತ್ತದೆ.

ಹೊಸದಾಗಿ ಸೇರುವವರಿಗೆ ಹಗಲು ಪಾಳಿಯೇ ಮೇಲು. ಪಕ್ಕದಲ್ಲಿ ಕೂತ ಹಿರಿಯರಿಂದ ಕೆಲಸ ಕಲಿಯಬಹುದು. ಉಳಿದವರಿಗೆ ಒಂದೇ ಅಳತೆ: ತಾಸು ಬರೆದುಕೊಟ್ಟರೆ ಫ್ಲೆಕ್ಸಿ, ಇಲ್ಲದಿದ್ದರೆ ಪಾಳಿ.