ಗವಿಯೊಳಗೆ ಸ್ಪೀಕರ್ ಯಾಕೆ ಸ್ವಾಮಿ?

ಒಂದು ಶುಕ್ರವಾರ ನಮ್ಮ ಆಫೀಸಿನ ವಾಟ್ಸಾಪ್ ಗ್ರೂಪಿಗೆ ಪೋಸ್ಟರೊಂದು ಬಂತು. ತಲೆಗೆ ಟಾರ್ಚ್ ಕಟ್ಟಿಕೊಂಡ ಹುಡುಗಿ, ಹಿಂದೆ ಕಗ್ಗತ್ತಲೆ, ಕೆಳಗೆ ದಪ್ಪ ಅಕ್ಷರದಲ್ಲಿ 'ಕೇವಿಂಗ್ ವೀಕೆಂಡ್'. ಶನಿವಾರ ರಾತ್ರಿ ಹತ್ತಕ್ಕೆ ಬೆಂಗಳೂರು ಬಿಡೋದು, ಮಧ್ಯರಾತ್ರಿ ಕೋಲಾರದ ಅಂತರಗಂಗೆ ಬೆಟ್ಟ, ಗುಹೆ ಪ್ರವೇಶ, ಕ್ಯಾಂಪ್ ಫೈರ್, ಅಂತ್ಯಾಕ್ಷರಿ, ಸೂರ್ಯೋದಯ, ಇಡ್ಲಿ ವಡೆ, ಮಧ್ಯಾಹ್ನದೊಳಗೆ ವಾಪಸ್ ಮನೆ. ತಲೆಗೆ 1,299 ರೂಪಾಯಿ. 'ಮಗಾ, ನಿಮ್ಮೂರ ಕಡೆ ಅಲ್ವೇನೋ, ನೀನೇ ಬರ್ಲಿಲ್ಲ ಅಂದ್ರೆ ಹೆಂಗೆ' ಅಂತ ಟೀಮಿನವರು ಎಳೆದರು. ನಾನೂ ದುಡ್ಡು ಕಟ್ಟಿದೆ. ಮುಂದೆ ಬರೆಯೋದನ್ನೆಲ್ಲ ಈ ಮಾತು ನೆನಪಿಟ್ಟುಕೊಂಡೇ ಓದಿ. ಬೈಯುತ್ತಿರುವವನೂ ಅದೇ ಬಸ್ಸಿನಲ್ಲಿದ್ದ.

ನಮ್ಮೂರು ಮುಳಬಾಗಿಲು ತಾಲೂಕಿನ ಒಂದು ಹಳ್ಳಿ. ಅಂತರಗಂಗೆಗೆ ನಾನು ಮೊದಲ ಸಲ ಹೋಗಿದ್ದು ಅಜ್ಜಿಯ ಕೈ ಹಿಡಿದುಕೊಂಡು. ಕಾಶಿ ವಿಶ್ವೇಶ್ವರನ ಗುಡಿ, ಕಲ್ಲು ಬಸವನ ಬಾಯಿಂದ ಬೀಳುವ ನೀರು, ಕೈಯಲ್ಲಿದ್ದ ಬಾಳೆಹಣ್ಣು ಕಿತ್ತುಕೊಂಡು ಓಡುವ ಕೋತಿಗಳು. ಗುಡಿಯಿಂದ ಮೇಲೆ ಹತ್ತಿದರೆ ಬಂಡೆಗಳ ರಾಶಿ. ಆನೆ ಗಾತ್ರದ, ಮನೆ ಗಾತ್ರದ ಬಂಡೆಗಳು ಒಂದರ ಮೇಲೊಂದು ಒರಗಿ ನಿಂತು ನಡುವೆ ಸಂದುಗಳಾಗಿವೆ. ಅವೇ ಗವಿಗಳು. ಅಂಥ ಒಂದು ಸಂದಿಗೆ ನಾನು ತಲೆ ತೂರಿಸಿದಾಗ ಅಜ್ಜಿ ರಟ್ಟೆ ಹಿಡಿದು ಎಳೆದು, 'ಒಳಕ್ಕೆ ಹೋಗ್ಬೇಡ ಕಣೋ, ಗಬ್ಬಿಲಗಳು ಮಲಗವೆ' ಅಂದಿದ್ದರು. ನಮ್ಮ ಕಡೆ ಕನ್ನಡದಲ್ಲಿ ಅರ್ಧ ತೆಲುಗು. ಗಬ್ಬಿಲ ಅಂದ್ರೆ ಬಾವಲಿ. ಹಾವಿದೆ, ದೆವ್ವ ಇದೆ ಅಂತ ಅವರು ಹೆದರಿಸಲಿಲ್ಲ. ಯಾರೋ ಮಲಗಿದ್ದಾರೆ, ಎಬ್ಬಿಸಬೇಡ ಅಂದರು, ಅಷ್ಟೇ.

ಮೂವತ್ತು ವರ್ಷದ ಮೇಲೆ ಅದೇ ಸಂದಿಗೆ ಹೋದದ್ದು ಮೂವತ್ತನಾಲ್ಕು ಜನರ ಜೊತೆ. ಬೆಟ್ಟದ ಬುಡದಲ್ಲಿ 'ಐಸ್ ಬ್ರೇಕರ್' ಆಟ ಆಯ್ತು. ಹೆಸರು, ಕಂಪನಿ, ನಿಮ್ಮನ್ನು ನೀವು ಯಾವ ಪ್ರಾಣಿಗೆ ಹೋಲಿಸ್ತೀರಿ ಇತ್ಯಾದಿ. ರಾತ್ರಿ ಹೊತ್ತು ಹತ್ತೋಕೆ ಪರ್ಮಿಷನ್ ಇದೆಯಾ ಅಂತ ಕೇಳಿದೆ. 'ಮ್ಯಾನೇಜ್ ಮಾಡ್ತೀವಿ ಬ್ರೋ' ಅಂದ ಟ್ರಿಪ್ ಲೀಡರ್. ಹೆಲ್ಮೆಟ್ ಕೇಳಿದೆ. 'ಇದು ಬಿಗಿನರ್ಸ್ ಲೆವೆಲ್ ಬ್ರೋ' ಅಂದ. ಬಂಡೆಗೆ ಬಿಗಿನರ್ ತಲೆ ಯಾವುದು, ಎಕ್ಸ್‌ಪರ್ಟ್ ತಲೆ ಯಾವುದು ಅಂತ ಗೊತ್ತಾಗುತ್ತಾ? ಅರ್ಧ ಜನರ ಕೈಯಲ್ಲಿ ಟಾರ್ಚ್ ಇರಲಿಲ್ಲ, ಮೊಬೈಲ್ ಲೈಟೇ ಗತಿ.

ಒಳಗೆ ನುಗ್ಗಿದ್ದೇ ತಡ, ಒಬ್ಬ ಬ್ಯಾಗಿನಿಂದ ಬ್ಲೂಟೂತ್ ಸ್ಪೀಕರ್ ತೆಗೆದ. ಗವಿಯಲ್ಲಿ ಬೇಸ್ ಹೆಂಗೆ ಕೇಳುತ್ತೆ ಅಂತ ಟೆಸ್ಟ್ ಮಾಡೋಣ ಅಂದ. ಕಲ್ಲಿನ ಗೋಡೆ ಗುಂಯ್ ಅಂತು. ಮೇಲಿನಿಂದ ನಾಲ್ಕೈದು ಬಾವಲಿಗಳು ಸುತ್ತು ಹೊಡೆದು ಹೊರಗೆ ಹಾರಿದವು. ಕಿರುಚಾಟ, ನಗು, ರೀಲ್ಸ್. 'ಇನ್ನೊಂದ್ಸಲ ಹಾಕೋ, ಇನ್ನೊಂದಷ್ಟು ಬರ್ತವೆ' ಅಂತ ಹಿಂದಿನಿಂದ ಯಾರೋ ಕೂಗಿದರು. ರೀಲ್ಸಿಗೆ ಲೈಟ್ ಹಿಡಿದು ನಿಂತಿದ್ದವನು ನಾನು. ನಗುತ್ತಲೇ ಹಿಡಿದಿದ್ದೆ.

ಬೆಳಗಿನ ಜಾವ ದಾರಿ ತೋರಿಸೋಕೆ ಬಂದಿದ್ದ ಮೇಲಿನ ಹಳ್ಳಿಯ ತಾತ ಬೀಡಿ ಹಚ್ಚಿಕೊಂಡು ಕೂತಿದ್ದರು. 'ಏನ್ ತಾತ, ಗಬ್ಬಿಲಗಳು ಮೊದಲಿನಷ್ಟು ಇಲ್ವಲ್ಲ' ಅಂದೆ. ಅವರು ನನ್ನ ಮುಖ ನೋಡಿ, 'ನಿನ್ ಮನೇಲಿ ವಾರಾವಾರ ಮದ್ವೆ ನಡೆದ್ರೆ ನೀನು ಮಲಗ್ತೀಯೇನಪ್ಪಾ?' ಅಂದರು. ಬೈದಿದ್ದಲ್ಲ, ಸುಮ್ಮನೆ ಕೇಳಿದ್ದು. ಆದ್ರೂ ಆ ಪ್ರಶ್ನೆ ಇವತ್ತಿಗೂ ಬಿಟ್ಟಿಲ್ಲ.

ಮೊದಲನೇ ತಕರಾರು ಆ ಪದದ ಬಗ್ಗೆ. ಇದನ್ನು ಕೇವಿಂಗ್ ಅಂತ ಕರೀಬೇಡಿ. ಕೇವಿಂಗ್ ಅನ್ನೋದು ದೊಡ್ಡ ಶಿಸ್ತು. ನಮ್ಮ ದೇಶದಲ್ಲೇ ಮೇಘಾಲಯದಲ್ಲಿ 1992ರಿಂದ ಸ್ಥಳೀಯರು ಮತ್ತು ವಿದೇಶಿ ಗುಹಾ ತಜ್ಞರು ಸೇರಿ ಗುಹೆಗಳನ್ನು ಅಳೆದು ನಕ್ಷೆ ಮಾಡುತ್ತಾ ಬಂದಿದ್ದಾರೆ. ಖಾಸಿ ಭಾಷೆಯಲ್ಲಿ ಗುಹೆಗೆ 'ಕ್ರೆಮ್' ಅಂತಾರೆ. ಅಲ್ಲಿನ ಕ್ರೆಮ್ ಪುರಿ ಅನ್ನೋ ಮರಳುಗಲ್ಲಿನ ಗುಹೆ 24 ಕಿಲೋಮೀಟರ್‌ಗೂ ಹೆಚ್ಚು ಉದ್ದ ಅಂತ ಗೊತ್ತಾಗಿದ್ದು ಹೀಗೆ ಕೆಸರಲ್ಲಿ ತೆವಳಿ, ಒಂದೊಂದೇ ತಿರುವನ್ನು ಅಳೆದಿದ್ದರಿಂದ. ಅಂಥವರ ನಿಯಮಗಳು ಸರಳ. ತಲೆಗೆ ಹೆಲ್ಮೆಟ್. ಒಬ್ಬೊಬ್ಬರ ಬಳಿ ಮೂರು ಪ್ರತ್ಯೇಕ ಬೆಳಕು. ಸಣ್ಣ ತಂಡ. ಎಷ್ಟು ಗಂಟೆಗೆ ಹೊರಗೆ ಬರ್ತೀವಿ ಅಂತ ಹೊರಗಿನ ಒಬ್ಬರಿಗೆ ಹೇಳಿ ಹೋಗೋದು, ಬರಲಿಲ್ಲ ಅಂದ್ರೆ ಅವರು ಸಹಾಯಕ್ಕೆ ಕರೆ ಮಾಡೋದು. ಒಯ್ದದ್ದೆಲ್ಲ ವಾಪಸ್ ತರೋದು, ಅಲ್ಲಿರೋದನ್ನು ಮುಟ್ಟದೇ ಇರೋದು.

ಈ ನಿಯಮಗಳು ಸೋಕಿಗೆ ಹುಟ್ಟಿದ್ದಲ್ಲ. 2018ರ ಜೂನ್‌ನಲ್ಲಿ ಥಾಯ್ಲೆಂಡಿನ ಥಾಮ್ ಲುವಾಂಗ್ ಗುಹೆಯಲ್ಲಿ ಫುಟ್‌ಬಾಲ್ ತಂಡದ 12 ಹುಡುಗರು ಮತ್ತು ಅವರ ಕೋಚ್ ಸಿಕ್ಕಿಹಾಕಿಕೊಂಡಿದ್ದನ್ನು ನಾವೆಲ್ಲ ಟಿವಿ ಮುಂದೆ ಕೂತು ನೋಡಿದ್ದೇವೆ. ಅವರೂ ಪ್ರಾಕ್ಟೀಸ್ ಮುಗಿಸಿ ಸುಮ್ಮನೆ ಸುತ್ತಾಡೋಕೆ ಹೋದವರು. ಮಳೆ ನೀರು ಒಳಗೆ ನುಗ್ಗಿತು. ಎಲ್ಲರನ್ನೂ ಹೊರಗೆ ತರೋಕೆ ಎರಡು ವಾರಕ್ಕೂ ಮೀರಿ ಹಿಡಿಯಿತು, ಆ ಕೆಲಸದಲ್ಲಿ ಸಮನ್ ಕುನಾನ್ ಅನ್ನೋ ಮಾಜಿ ನೌಕಾಪಡೆ ಮುಳುಗುಗಾರ ಪ್ರಾಣ ಬಿಟ್ಟರು. ಅಂತರಗಂಗೆ ಥಾಮ್ ಲುವಾಂಗ್ ಅಲ್ಲ ನಿಜ. ಆದರೆ ನಮ್ಮ ಮೂವತ್ತನಾಲ್ಕು ಜನರಲ್ಲಿ ಒಬ್ಬನ ಕಾಲು ಬಂಡೆ ಸಂದಿಯಲ್ಲಿ ಸಿಕ್ಕಿ ಮುರಿದಿದ್ದರೆ, ರಾತ್ರಿ ಎರಡು ಗಂಟೆಗೆ ಅವನನ್ನು ಕೆಳಗೆ ಇಳಿಸೋ ಪ್ಲಾನ್ ಯಾರ ಬಳಿಯೂ ಇರಲಿಲ್ಲ. ಒಂದು ಸ್ಟ್ರೆಚರ್ ಕೂಡ ಇರಲಿಲ್ಲ. ಸ್ಪೀಕರ್ ಇತ್ತು.

ಎರಡನೇ ತಕರಾರು ಇನ್ನೂ ದೊಡ್ಡದು. ಬಸ್ಸಿನಲ್ಲಿದ್ದ ಯಾರಿಗೂ ಈ ವಿಷಯ ಗೊತ್ತಿರಲಿಲ್ಲ. ನಾಚಿಕೆಗೇಡು ಅಂದ್ರೆ, ಅದೇ ಜಿಲ್ಲೆಯಲ್ಲಿ ಹುಟ್ಟಿದ ನನಗೂ ಗೊತ್ತಿರಲಿಲ್ಲ.

ಕೋಲಾರ ಎಲೆಮೂಗಿನ ಬಾವಲಿ ಅಂತ ಒಂದು ಜಾತಿ ಇದೆ. 1994ರಲ್ಲಿ ವಿಜ್ಞಾನಿಗಳು ಅದಕ್ಕೆ ಹೊಸ ಜಾತಿ ಅಂತ ಹೆಸರು ಕೊಟ್ಟರು. ಇಡೀ ಪ್ರಪಂಚದಲ್ಲಿ ಅದು ಸಿಕ್ಕಿದ್ದು ನಮ್ಮ ಜಿಲ್ಲೆಯ ಎರಡೇ ಕಡೆ, ಹನುಮನಹಳ್ಳಿ ಮತ್ತು ತೇರಹಳ್ಳಿ. ತೇರಹಳ್ಳಿ ಎಲ್ಲಿದೆ ಗೊತ್ತಾ? ಅಂತರಗಂಗೆಯ ಮೇಲೆ, ಅದೇ ಬೆಟ್ಟಸಾಲಿನಲ್ಲಿ. ಈಗ ತೇರಹಳ್ಳಿಯಲ್ಲಿ ಅದಿಲ್ಲ. ಉಳಿದಿರೋದು ಹನುಮನಹಳ್ಳಿಯ ಗವಿಯಲ್ಲಿ ಮಾತ್ರ, ಸಂಖ್ಯೆ 200ಕ್ಕಿಂತ ಕಡಿಮೆ. ನಮ್ಮ ಆಫೀಸಿನ ಒಂದು ಫ್ಲೋರಿನಲ್ಲಿ ಕೂರುವ ಜನ ಅದಕ್ಕಿಂತ ಜಾಸ್ತಿ. ಐಯುಸಿಎನ್ ಕೆಂಪು ಪಟ್ಟಿಯಲ್ಲಿ ಅದು ಕ್ರಿಟಿಕಲಿ ಎಂಡೇಂಜರ್ಡ್.

ನಮ್ಮ ಭಾಷೆಯಲ್ಲೇ ಹೇಳ್ತೀನಿ. ಎರಡು ಸರ್ವರ್ ಇದ್ದವು, ಒಂದು ಆಗಲೇ ಡೌನ್. ಇರೋದೊಂದೇ ಪ್ರೊಡಕ್ಷನ್ ಮಷೀನ್, ಬ್ಯಾಕಪ್ ಇಲ್ಲ, ರೀಸ್ಟೋರ್ ಮಾಡೋ ಮಾತೇ ಇಲ್ಲ. ಅಂಥ ಮಷೀನ್ ಇರೋ ಕೋಣೆಗೆ ನೀವು ಟೀ ಕಪ್ ಕೂಡ ಒಯ್ಯೋಕೆ ಬಿಡಲ್ಲ.

ಈಗ ಬರುವ ವಾದಗಳನ್ನು ನಾನೇ ಹೇಳಿಬಿಡ್ತೀನಿ. ಬಸ್ಸಿನಲ್ಲಿ ಎಲ್ಲವನ್ನೂ ಕೇಳಿಸಿಕೊಂಡು ಬಂದಿದ್ದೇನೆ.

'ಆ ಬಾವಲಿ ಅಂತರಗಂಗೆಯ ಗವಿಯಲ್ಲಿ ಇಲ್ವಲ್ಲ, ಮತ್ತೇನು?' ಈಗ ಇಲ್ಲ ಅನ್ನೋದೇ ನನ್ನ ಸಂಕಟ. ಟ್ರೆಕ್ಕಿಂಗಿನವರೇ ಅದನ್ನು ಓಡಿಸಿದರು ಅಂತ ನಾನು ಹೇಳ್ತಿಲ್ಲ. ಆದರೆ ಅದು ಮತ್ತೆ ಆ ಬೆಟ್ಟಕ್ಕೆ ಬರಬೇಕು ಅಂದ್ರೆ ಮಲಗೋಕೆ ಒಂದು ಸದ್ದಿಲ್ಲದ ಸಂದು ಬೇಕಲ್ವಾ? ಅಲ್ಲಿರೋ ಬೇರೆ ಬಾವಲಿಗಳಿಗೂ ಅದೇ ಬೇಕು.

'ರಾತ್ರಿ ಬಾವಲಿಗಳು ಹೊರಗೆ ಬೇಟೆಗೆ ಹೋಗಿರ್ತವೆ, ಖಾಲಿ ಗವಿಗೆ ಹೋದರೆ ತೊಂದರೆ ಏನು?' ಮರಿ ಹಾಕೋ ಕಾಲದಲ್ಲಿ ಗವಿ ಖಾಲಿ ಇರಲ್ಲ ಸ್ವಾಮಿ. ಹಾರೋಕೆ ಬರದ ಮರಿಗಳು ಒಳಗೆ ನೇತಾಡ್ತಿರ್ತವೆ, ತಾಯಿ ಹಾಲು ಕೊಡೋಕೆ ಬಂದು ಹೋಗ್ತಿರುತ್ತೆ. ಎಲೆಮೂಗಿನ ಬಾವಲಿಗಳು ಸಾಮಾನ್ಯವಾಗಿ ಒಂದು ಸಲಕ್ಕೆ ಒಂದೇ ಮರಿ ಹಾಕೋದು. ಗದ್ದಲಕ್ಕೆ ಬೆದರಿ ಮರಿ ಕೆಳಗೆ ಬಿದ್ದರೆ ಆ ಸಲದ ಲೆಕ್ಕ ಸೊನ್ನೆ. ಪದೇಪದೇ ಗಲಾಟೆಯಾದರೆ ಬಾವಲಿಗಳು ಗವಿಯನ್ನೇ ಬಿಟ್ಟು ಹೋಗ್ತವೆ.

'ಕಲ್ಲು ಕ್ವಾರಿಯವರು ಬೆಟ್ಟವನ್ನೇ ಸಿಡಿಸ್ತಾರೆ, ನಮ್ಮ ಒಂದು ಸ್ಪೀಕರ್ ಯಾವ ಲೆಕ್ಕ?' ಇದು ಗಟ್ಟಿ ವಾದ, ಒಪ್ಪುತ್ತೇನೆ. ಆ ಬಾವಲಿಗೆ ದೊಡ್ಡ ಶತ್ರು ಗ್ರಾನೈಟ್ ಕ್ವಾರಿಯೇ. ಕೋಲಾರ ಜಿಲ್ಲೆಯ ಗ್ರಾನೈಟ್ ಎಲ್ಲಿ ಹೋಗುತ್ತೆ ಅಂತ ಒಮ್ಮೆ ನಮ್ಮ ಅಪಾರ್ಟ್‌ಮೆಂಟಿನ ಅಡುಗೆಮನೆ ಕಟ್ಟೆಗಳನ್ನು ಕೇಳಬೇಕು. ಕ್ವಾರಿ ವಿರುದ್ಧ ಸಹಿ ಹಾಕಿ, ಪ್ರತಿಭಟನೆಗೆ ಕರೀರಿ, ನಾನೂ ಬರ್ತೀನಿ. ಆದರೆ ಅವನು ಡೈನಮೈಟ್ ಇಡ್ತಾನೆ ಅನ್ನೋದು ನಾವು ಬೇಸ್ ಟೆಸ್ಟ್ ಮಾಡೋಕೆ ಲೈಸೆನ್ಸ್ ಅಲ್ಲ. ಅವನಿಗಾದರೂ ಕಲ್ಲು ಬೇಕಿತ್ತು. ನಮಗೆ ಬೇಕಾಗಿದ್ದು ಹದಿನೈದು ಸೆಕೆಂಡಿನ ವಿಡಿಯೋ.

'ಊರವರಿಗೆ ನಾಲ್ಕು ಕಾಸು ಸಿಗುತ್ತಲ್ಲ?' ಲೆಕ್ಕ ಹಾಕಿದೆ. 34 ಜನ, 1,299 ರೂಪಾಯಿಯಂತೆ 44 ಸಾವಿರದ ಮೇಲೆ ಸಂಗ್ರಹ. ತಾತನ ಕೈಗೆ ಬಂದಿದ್ದು 500. ಒಂದು ಗೂಡಂಗಡಿಯಲ್ಲಿ ಟೀ, ಮ್ಯಾಗಿ. ಇಡ್ಲಿ ವಡೆ ಹೈವೇ ಹೋಟೆಲಿನದು. ಖಾಲಿ ಬಾಟಲಿಗಳಷ್ಟೂ ಊರಿಗೇ ಉಳಿದವು.

ಕೊನೆಯ ವಾದ ನನಗೆ ನಿಜಕ್ಕೂ ತಾಗಿದ್ದು. ವಾಪಸ್ ಬರುವಾಗ ಪಕ್ಕದಲ್ಲಿ ಕೂತಿದ್ದ ಟೆಸ್ಟಿಂಗ್ ಟೀಮಿನ ಹುಡುಗಿ ಹೇಳಿದಳು, 'ನೀವು ಹಳ್ಳಿಯಲ್ಲಿ ಬೆಳೆದವರು, ನಿಮಗೆ ಬೆಟ್ಟ ಪುಕ್ಕಟೆ ಸಿಕ್ಕಿತ್ತು. ನಾನು ಈ ಊರಿಗೆ ಬಂದು ಎರಡು ವರ್ಷ ಆಯ್ತು, ಪಿಜಿ ಬಿಟ್ಟರೆ ಆಫೀಸು. ಇವತ್ತು ರಾತ್ರಿ ಹತ್ತು ಜನ ಫ್ರೆಂಡ್ಸ್ ಆದ್ರು. ಅದನ್ನೂ ತಪ್ಪು ಅಂತೀರಾ?' ಇಲ್ಲಮ್ಮ, ಅನ್ನಲ್ಲ. ಇಂಥ ವೀಕೆಂಡ್‌ಗಳಿಗೆ ಜನ ಬರೋದು ಗುಹೆಗಾಗಿ ಅಲ್ಲ, ಜೊತೆಗಾಗಿ. ಬೆಂಗಳೂರಿನಲ್ಲಿ ನಾನೂ ಮೊದಲ ವರ್ಷ ಪ್ರತಿ ಭಾನುವಾರ ಮೆಜೆಸ್ಟಿಕ್‌ಗೆ ಹೋಗಿ ಮುಳಬಾಗಿಲು ಬಸ್ಸು ಹೊರಡೋದನ್ನು ನೋಡಿಕೊಂಡು ಬರ್ತಿದ್ದೆ. ಒಂಟಿತನ ತಮಾಷೆಯ ಮಾತಲ್ಲ. ಆದರೆ ನಮ್ಮ ಒಂಟಿತನ ಕಳೆಯೋಕೆ ಇನ್ನೊಂದು ಜೀವದ ಮಲಗೋ ಕೋಣೆಯೇ ಯಾಕೆ ಬೇಕು? ಅಂತ್ಯಾಕ್ಷರಿ ಬಸ್ಸಿನಲ್ಲಿ ಹಾಡೋಣ. ಐಸ್ ಬ್ರೇಕರ್ ಹೋಟೆಲಿನಲ್ಲಿ ಆಗಲಿ. ಗವಿಯ ಬಾಯಿಗೆ ಬಂದಾಗ ಬಾಯಿ ಮುಚ್ಚೋಣ.

ಅದು ಬೋರ್ ಹೊಡೆಯುತ್ತೆ ಅಂದುಕೊಳ್ಳಬೇಡಿ. ಆ ರಾತ್ರಿ ಮೂರರ ಸುಮಾರಿಗೆ ಸ್ಪೀಕರಿನ ಬ್ಯಾಟರಿ ಸತ್ತಿತು. ಮೊಬೈಲ್ ಚಾರ್ಜ್ ಉಳಿಸೋಕೆ ಅಂತ ಎಲ್ಲರೂ ಲೈಟ್ ಆರಿಸಿದೆವು. ಐದು ನಿಮಿಷ ಯಾರೂ ಮಾತಾಡಲಿಲ್ಲ. ಎಲ್ಲೋ ನೀರು ತೊಟ್ಟಿಕ್ಕುವ ಸದ್ದು, ತಲೆ ಮೇಲೆ ರೆಕ್ಕೆಯ ಸಣ್ಣ ಗಾಳಿ. ಬಸ್ಸಿನಲ್ಲಿ ಫೀಡ್‌ಬ್ಯಾಕ್ ಕೇಳಿದಾಗ ಹೆಚ್ಚು ಜನ ಹೇಳಿದ್ದು ಆ ಐದು ನಿಮಿಷದ ಬಗ್ಗೆಯೇ. 1,299 ರೂಪಾಯಿಗೆ ಅವರು ಮಾರಿದ್ದು ಬೇರೆ, ನಮಗೆ ದಕ್ಕಿದ್ದು ಬೇರೆ.

ಹಾಗಾಗಿ ಮುಂದಿನ ಸಲ ದುಡ್ಡು ಕಟ್ಟೋ ಮುಂಚೆ ಸಂಘಟಕರನ್ನು ಕೇಳಿ. ಅರಣ್ಯ ಇಲಾಖೆಯ ಅನುಮತಿ ಎಲ್ಲಿ, ತೋರಿಸಿ. ಒಂದು ಗವಿಗೆ ಎಷ್ಟು ಜನ? ಹತ್ತಕ್ಕಿಂತ ಜಾಸ್ತಿ ಅಂದ್ರೆ ಬೇಡ. ಹೆಲ್ಮೆಟ್ ಕೊಡ್ತೀರಾ? ಯಾರಿಗಾದರೂ ಪೆಟ್ಟಾದರೆ ಏನು ಮಾಡ್ತೀರಿ? ಒಳಗೆ ಬಾವಲಿ ಇದ್ದರೆ ವಾಪಸ್ ತಿರುಗ್ತೀರಾ? ಊರವರಿಗೆ ಎಷ್ಟು ಕೊಡ್ತೀರಿ? ನಾವು ಗ್ರಾಹಕರು. ಆ್ಯಪ್ ಅರ್ಧ ಸೆಕೆಂಡ್ ನಿಧಾನ ಆದರೆ ಒಂದು ಸ್ಟಾರ್ ಕೊಡುವ ನಾವು ಇಷ್ಟು ಕೇಳೋಕೆ ಯಾಕೆ ಸಂಕೋಚ ಪಡಬೇಕು? ಇಪ್ಪತ್ತು ಜನ ಕೇಳಿದರೆ ಪೋಸ್ಟರ್ ತಾನಾಗಿಯೇ ಬದಲಾಗುತ್ತೆ.

ಇದನ್ನು ಬರೆಯುವಾಗ ಒಂದು ಭಯ ಇತ್ತು. ಹನುಮನಹಳ್ಳಿ ಅಂತ ಹೆಸರು ಹೇಳಿದರೆ ಮುಂದಿನ ಶನಿವಾರ ಅಲ್ಲಿಗೇ ಒಂದು ಬಸ್ಸು ಹೊರಡಬಹುದು. ಆದರೆ ಹುಡುಕಿದರೆ ಗೂಗಲ್ ಹೇಳೇ ಹೇಳುತ್ತೆ, ಮುಚ್ಚಿಟ್ಟು ಉಪಯೋಗ ಇಲ್ಲ. ಅದಕ್ಕೇ ನೇರವಾಗಿ ಕೇಳಿಕೊಳ್ತೀನಿ, ಅಲ್ಲಿಗೆ ಹೋಗಬೇಡಿ. ನಮ್ಮೂರಿಂದ ಬೈಕ್ ಹತ್ತಿದರೆ ಮುಟ್ಟೋ ದೂರ. ಕಳೆದ ಹಬ್ಬಕ್ಕೆ ಊರಿಗೆ ಹೋದಾಗ ನೋಡಿ ಬರೋಣ ಅಂತ ನನಗೂ ಆಸೆಯಾಗಿತ್ತು. ಗಾಡಿ ಕೀ ಕೈಗೆ ತಗೊಂಡಿದ್ದೆ.

ಅಜ್ಜಿ ಈಗಿಲ್ಲ. ಕೀ ಮತ್ತೆ ಮೊಳೆಗೆ ನೇತು ಹಾಕಿ, ಅಪ್ಪನ ಜೊತೆ ಟೊಮೆಟೊ ತೋಟಕ್ಕೆ ಹೋದೆ.