ಎಷ್ಟು ಜನರ ದೋಣಿ?

ಅಮೆರಿಕದ ಮಿನೆಸೋಟಾದಲ್ಲಿರುವ ನನ್ನ ತಮ್ಮ ಎರಡು ಅಲ್ಯೂಮಿನಿಯಂ ದೋಣಿಗಳ ಫೋಟೋ ಕಳಿಸಿ, "ಅಕ್ಕಾ, ಯಾವುದು ತಗೊಳ್ಳಲಿ?" ಎಂದು ಕೇಳಿದ. ಅಲ್ಲಿ ಎತ್ತ ನೋಡಿದರೂ ಕೆರೆಗಳಂತೆ. ಬೇಸಿಗೆಯ ಭಾನುವಾರವೆಂದರೆ ಬುತ್ತಿ ಕಟ್ಟಿಕೊಂಡು ಮನೆಮಂದಿಯೆಲ್ಲ ನೀರಿಗಿಳಿಯುವುದು. ನಾವಿಬ್ಬರೂ ಲಕ್ಕವಳ್ಳಿಯಲ್ಲಿ ಭದ್ರಾ ಅಣೆಕಟ್ಟಿನ ಪಕ್ಕ ಬೆಳೆದವರು. ನೀರಿನ ಮಾತು ಬಂದರೆ ಅವನಿಗೆ ಅಕ್ಕನ ನೆನಪು.

ನಮ್ಮ ಮನೆಯಲ್ಲಿ ಚರ್ಚೆ ಶುರುವಾಯಿತು. ಯಜಮಾನರಿಗೆ ಎಂಜಿನ್ನಿನ ಚಿಂತೆ, ಮಗನಿಗೆ ವೇಗದ್ದು. ಒಂದು ದೋಣಿಯದು ಚಪ್ಪಟೆ ತಳ, ಗಿಡ್ಡ ಅಂಚು, ಬೆಲೆಯೂ ಕಡಿಮೆ. ಕಾಲಿಟ್ಟರೆ ಅಲುಗಾಡದು, ಆದರೆ ಗಾಳಿ ಎದ್ದರೆ ಅಲೆ ತಳಕ್ಕೆ ಬಡಿದು, ನೀರು ಅಂಚು ದಾಟಿ ಒಳಗೆ ಬರುತ್ತದೆ. ಇನ್ನೊಂದರ ತಳ ಚೂಪು, ಅಂಚು ಎತ್ತರ. ಹತ್ತುವಾಗ ತುಸು ಓಲಾಡುತ್ತದೆ, ಅಲೆಯನ್ನು ಮಾತ್ರ ಸೀಳಿಕೊಂಡು ಹೋಗುತ್ತದೆ.

ನಾನು ಕೇಳಿದ್ದು ಒಂದೇ: "ದೋಣಿಯ ಮೇಲೆ ಎಷ್ಟು ಜನ ಅಂತ ಬರೆದಿದೆ?" ಆ ದೇಶದಲ್ಲಿ 20 ಅಡಿಗಿಂತ ಚಿಕ್ಕ ದೋಣಿಗೆ ಜನರ ಸಂಖ್ಯೆ, ಹೊರುವ ಭಾರ ಬರೆದ ಫಲಕ ಇರಲೇಬೇಕು. ಚಪ್ಪಟೆಯದರಲ್ಲಿ 4, ಇನ್ನೊಂದರಲ್ಲಿ 6. ತಮ್ಮನ ಮನೆಯಲ್ಲಿ ಅತ್ತೆಯೂ ಸೇರಿ ಐದು ಜನ.

"ಒಬ್ಬರು ಜಾಸ್ತಿಯಾದರೆ ಮುಳುಗಿಬಿಡುತ್ತದೆಯೇ?" ಎಂದರು ಯಜಮಾನರು.

ಈ ಮಾತನ್ನು ನಾನು ಹಿಂದೆಯೂ ಕೇಳಿದ್ದೇನೆ. ವರ್ಷಗಳ ಹಿಂದೆ ಏಳನೆಯ ತರಗತಿಯ ಮಕ್ಕಳೊಂದಿಗೆ ಪ್ರವಾಸ ಹೋಗಿದ್ದೆ. ದೋಣಿಯಲ್ಲಿ ಅರ್ಧ ಮಕ್ಕಳಿಗೇ ಲೈಫ್ ಜಾಕೆಟ್. "ಸೀರೆ ಉಟ್ಟಿದ್ದೀರಿ, ನಿಮಗೆ ಬೇಡ ಬಿಡಿ ಮೇಡಂ" ಎಂದ ದೋಣಿಯವನು. ಬೆವರು ನಾರುವ ಆ ಜಾಕೆಟ್ ತಪ್ಪಿದ್ದು ನನಗೂ ಹಿತವೇ ಆಯಿತು, ಸುಳ್ಳು ಯಾಕೆ ಹೇಳಲಿ. "ಇನ್ನಿಬ್ಬರು ಹತ್ತಲಿ, ಏನಾಗಲ್ಲ" ಎಂದರು ಹಿರಿಯ ಮೇಷ್ಟ್ರು. ನಾನು ತಲೆ ಎಣಿಸಿದೆ, ಹೆಚ್ಚೆಂದು ಗೊತ್ತಾಯಿತು, ಬಾಯಿ ಮುಚ್ಚಿ ಕೂತೆ. ಪುಕ್ಕಲಿ ಎಂದಾರು ಎಂಬ ನಾಚಿಕೆ! ಏನೂ ಆಗಲಿಲ್ಲ. ಮಕ್ಕಳು ಹಾಡುತ್ತ ಇಳಿದರು.

2024ರ ಜನವರಿ 18ರಂದು ವಡೋದರಾದ ಹರಣಿ ಕೆರೆಯಲ್ಲಿ ಶಾಲಾ ಪ್ರವಾಸದ ದೋಣಿ ಮಗುಚಿತು. ಮಿತಿಗಿಂತ ಹೆಚ್ಚು ಜನ, ಬಹಳ ಮಕ್ಕಳಿಗೆ ಜಾಕೆಟ್ ಇಲ್ಲ. 12 ಮಕ್ಕಳೂ ಇಬ್ಬರು ಶಿಕ್ಷಕಿಯರೂ ಹೋದರು. ಆ ರಾತ್ರಿ ನನ್ನ ಏಳನೆಯ ತರಗತಿಯ ಹಾಜರಿ ಪುಸ್ತಕದ ಹೆಸರುಗಳು ಒಂದೊಂದಾಗಿ ನೆನಪಾದವು. ದೂರದ ಗುಜರಾತಿನ ಮಾತೇ ಏಕೆ? 2019ರ ಜನವರಿ 21ರಂದು ನಮ್ಮ ಕಾರವಾರದಲ್ಲೇ, ಕೂರ್ಮಗಡ ಜಾತ್ರೆಯ ದೋಣಿ ಮಗುಚಿ 16 ಜನ ಸತ್ತರು.

ಪಿಕ್ನಿಕ್ಕಿಗೆ ಚಿತ್ರಾನ್ನ ಎಷ್ಟು ಸೇರು ಎಂದು ನಿರ್ಧರಿಸುವವರು ನಾವು. ಮಗುವಿನ ಬದಲಿ ಬಟ್ಟೆ, ವಾಂತಿಗೆ ನಿಂಬೆಹಣ್ಣು, ಎಲ್ಲವೂ ನಮ್ಮ ಚೀಲದಲ್ಲಿ. ದೋಣಿಯ ಬಳಿ ಬಂದಾಗ ಮಾತ್ರ "ಅದೆಲ್ಲ ಗಂಡಸರಿಗೆ ಗೊತ್ತು" ಎಂದು ಸೆರಗು ಸರಿಮಾಡಿಕೊಂಡು ಕೂರುತ್ತೇವೆ. ಏನು ಗೊತ್ತು ಅವರಿಗೆ? ಜಾಕೆಟ್ ಕೇಳಲು, ಸೀರೆಯ ಮೇಲೇ ಬಿಗಿಯಾಗಿ ಕಟ್ಟಿಕೊಳ್ಳಲು, ಮುಂದಿನ ಸರದಿಗೆ ಹೋಗೋಣವೆಂದು ಎಲ್ಲರೆದುರು ಇಳಿದು ನಿಲ್ಲಲು ಹಾರ್ಸ್ ಪವರ್ ಲೆಕ್ಕ ಬೇಕೇ?

ತಮ್ಮ ಆರು ಜನರ ದೋಣಿಯನ್ನೇ ಕೊಂಡ. ಮೊದಲ ದಿನದ ಫೋಟೋ ಬಂತು. ಮಕ್ಕಳು, ಹೆಂಡತಿ, ಅತ್ತೆ, ಎಲ್ಲರ ಮೈಮೇಲೂ ಕಿತ್ತಳೆ ಬಣ್ಣದ ಜಾಕೆಟ್. ಅವನದು ಮಾತ್ರ ಸೀಟಿನ ಮೇಲೆ ಮಡಚಿಟ್ಟಿತ್ತು. ಇಲ್ಲಿ ರಾತ್ರಿ ಹನ್ನೆರಡು ಗಂಟೆ. ಎದ್ದು ಕೂತು ಫೋನ್ ಮಾಡಿದೆ.